ಕಲೆಯ ಸೀಟು, ಹೊಲಿದ ಸೆರಗು

ಹೋದ ಸೋಮವಾರ ಹುನಗುಂದದ ಕೋರ್ಟಿನ ಮೆಟ್ಟಿಲ ಮೇಲೆ ನಮ್ಮ ವಕೀಲರ ಸಂಘದ ಕಾರ್ಯದರ್ಶಿ ನನ್ನನ್ನು ತಡೆದು ನಿಲ್ಲಿಸಿದರು.

"ಮೇಡಂ, ಬಾಗಲಕೋಟಿಯ ನಿಮ್ಮ ಸೀನಿಯರ್ ತೀರಿಕೊಂಡ್ರು, ಗೊತ್ತಾತೇನ್ರಿ? ಬುಧವಾರ ಶೋಕಸಭಾ ಇಟ್ಟೀವಿ. ಠರಾವು ನೀವ ಬರೀರಿ. ಅವರ ಕೈಯಾಗ ಕಲತವ್ರು ಇಲ್ಲಿ ನೀವೊಬ್ಬರ ಅದೀರಿ."

ಬರೆಯಲು ಕೂತೆ. ಶೋಕಸಭೆಯ ಠರಾವಿಗೆ ಒಂದು ಸಿದ್ಧ ವಾಕ್ಯವಿದೆ: 'ಅವರ ಅಗಲಿಕೆಯಿಂದ ತೆರವಾದ ಸ್ಥಾನವನ್ನು ಯಾರೂ ತುಂಬಲಾರರು.' ಎಷ್ಟೋ ಸಲ ಕಣ್ಣು ಮುಚ್ಚಿ ಬರೆದಿದ್ದೇನೆ. ಈ ಸಲ ಪೆನ್ನು ಅಲ್ಲೇ ನಿಂತಿತು. ನಗು ಬಂತು. ಸತ್ತವರ ವಿಷಯದಲ್ಲಿ ನಗಬಾರದೆಂದು ಗೊತ್ತಿದ್ದೂ ಬಂತು. ತೆರವಾದ ಸ್ಥಾನವನ್ನು ತುಂಬಲಾಗದು ಎಂಬ ಮಾತನ್ನು ಆ ಮನುಷ್ಯ ಬದುಕಿನಲ್ಲಿ ಒಂದು ದಿನವೂ ನಂಬಿದವರಲ್ಲ. ಯಾವ ಸ್ಥಾನ ತೆರವಾದರೂ ತುಂಬಬಹುದು, ತಾವೇ ತುಂಬಬಹುದು, ಹೆಣ ಎತ್ತುವುದರೊಳಗೆ ಅರ್ಜಿ ಹೋಗಿರಬೇಕು. ಇದಿಷ್ಟೇ ಅವರ ಧರ್ಮ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರಿನ ಹಸಿವು ಅವರಿಗೆ ಭಾಳ ಇತ್ತು. ಇನ್ನೊಂದು ಕಡೆ ಅಚ್ಚಾಗುವ ಸುಖವನ್ನು ಸತ್ತ ಮೇಲೆ ನಾನು ಯಾಕೆ ಕೊಡಲಿ? ಬಾಗಲಕೋಟೆಯಲ್ಲಿ ಎಲ್ಲರೂ 'ಸಾಹೇಬ್ರು' ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಸಾಹೇಬರ ಕಚೇರಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತಿತ್ತು. ಜೂನಿಯರ್ ಆದ ನಾನು ಅಷ್ಟರೊಳಗೆ ಇಳಕಲ್ಲಿನಿಂದ ಮೊದಲ ಬಸ್ಸು ಹಿಡಿದು ಬಂದಿರಬೇಕು. ಮೇಜಿನ ಮೇಲೆ ಮೂರು ಪತ್ರಿಕೆ. ಮೊದಲ ಪುಟವನ್ನು ಅವರು ಮುಟ್ಟುತ್ತಿರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ನೇರ ನಿಧನ ವಾರ್ತೆಗಳ ಪುಟಕ್ಕೆ ಹೋಗುತ್ತಿದ್ದರು. ಕೈಯಲ್ಲಿ ಕೆಂಪು ಪೆನ್ಸಿಲ್ಲು. "ಇವರು ಗ್ರಂಥಾಲಯ ಸಮಿತಿಯಾಗ ಇದ್ರಲ್ಲ, ತಂಗಿ?" ಎನ್ನುತ್ತಿದ್ದರು. ನಾನು ಹೌದೆಂದರೆ ಒಂದು ಗೆರೆ ಬೀಳುತ್ತಿತ್ತು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಹೂವಿನವನಿಗೆ ಫೋನು. "ದೊಡ್ಡದ ಕಟ್ಟು. ಮಲ್ಲಿಗಿ ಬ್ಯಾಡ, ಸುಗಂಧರಾಜ ಹಾಕು. ಫೋಟೋದಾಗ ಎದ್ದು ಕಾಣಬೇಕು." ಹಾರ ಹೊರಡುವ ಮೊದಲೇ ಅರ್ಜಿ ಟೈಪಾಗಿರುತ್ತಿತ್ತು. ಟೈಪು ಮಾಡುತ್ತಿದ್ದವಳು ನಾನೇ.

ಒಮ್ಮೆ ಶಿರೂರಿನ ಒಬ್ಬ ಹಿರಿಯರು ಹೋದರೆಂದು ಯಾರೋ ಫೋನು ಮಾಡಿದರು. ಆ ಹಿರಿಯರು ಒಂದು ದೇವಸ್ಥಾನ ಸಮಿತಿಯ ಅಧ್ಯಕ್ಷರು. ಸಾಹೇಬರು ಹಾರ ಹಿಡಿದು ದವಾಖಾನೆಗೆ ಓಡಿದರು, ಹಿಂದೆ ನಾನು. ಹೋಗಿ ನೋಡಿದರೆ ಮುದುಕ ಮಂಚದ ಮೇಲೆ ಕೂತು ಅಂಬಲಿ ಕುಡಿಯುತ್ತಿದ್ದಾರೆ! ನಾನಾಗಿದ್ದರೆ ನೆಲ ಬಾಯಿ ಬಿಡಲಿ ಎನ್ನುತ್ತಿದ್ದೆ. ಸಾಹೇಬರು ಒಂದು ಕ್ಷಣವೂ ತಡವರಿಸಲಿಲ್ಲ. "ಗುಣ ಆದ್ರಿ ಅಂತ ಕೇಳಿ ಸನ್ಮಾನ ಮಾಡಾಕ ಬಂದೀನ್ರಿ" ಎಂದು ಆ ಹಾರವನ್ನೇ ಕೊರಳಿಗೆ ಹಾಕಿದರು. ಮುದುಕ ಹಾರವನ್ನೂ ನೋಡಿದರು, ಸಾಹೇಬರ ಮುಖವನ್ನೂ ನೋಡಿದರು. "ಇನ್ನೊಂದೀಟು ತಡೀರಿ ವಕೀಲರ. ಕುರ್ಚಿ ಎಲ್ಲೂ ಓಡಿ ಹೋಗೂದಿಲ್ಲ" ಎಂದು ಮತ್ತೆ ಅಂಬಲಿ ಕುಡಿದರು.

ಕುರ್ಚಿಯ ಮಾತು ಬಂತು, ಹೇಳಿಬಿಡುತ್ತೇನೆ. ಯಾವ ಸಭೆಗೆ ಹೋದರೂ ಸಾಹೇಬರು ಬಾಗಿಲಲ್ಲಿ ನಿಂತು ವೇದಿಕೆಯನ್ನು ಒಮ್ಮೆ ನೋಡುತ್ತಿದ್ದರು. ಬರಬೇಕಾದ ಅತಿಥಿ ಬಾರದೆ ಒಂದು ಕುರ್ಚಿ ಖಾಲಿ ಇದ್ದರೆ ನೇರ ಹೋಗಿ ಕೂರುವುದು. "ಅವರು ಬರೂತನಕ ಬೆಚ್ಚಗ ಇಡ್ತೇನಿ" ಎಂದು ಪಕ್ಕದವರಿಗೆ ಹೇಳುವುದು. ಕೂಡಲಸಂಗಮದ ಒಂದು ಸಮಾರಂಭದಲ್ಲಿ ನಿಜವಾದ ಅತಿಥಿ ಬಂದು ಮೆಟ್ಟಿಲ ಹತ್ತಿರವೇ ನಿಂತರು. ಸಾಹೇಬರು ಕೂತಲ್ಲಿಂದಲೇ ಕೈ ಮುಗಿದರು. ಸಂಘಟಕರು ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಅವರನ್ನು ಮೂಲೆಯಲ್ಲಿ ಕೂರಿಸಿದರು.

ಆರಿಸಿ ಬರುವ ಕಡೆ ಅವರು ಒಮ್ಮೆ ಮಾತ್ರ ಹೋಗಿದ್ದರು. ನಗರಸಭೆಯ ಒಂದು ವಾರ್ಡು. ಮನೆಯ ಮಂದಿಯೇ ಓಟು ಹಾಕಿದರೋ ಇಲ್ಲವೋ ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ, ಅಂಥ ಸೋಲು. ಆಮೇಲೆ ಓಟಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. "ಆರಿಸಿ ಬರೂದೇನ್ ದೊಡ್ಡದ ತಂಗಿ? ಅದನ್ನ ಮಂದಿ ಮಾಡ್ತಾರ. ನಾಮನಿರ್ದೇಶನ ಅಂದ್ರ ದೊಡ್ಡವ್ರು ಮಾಡೂದು." ಗ್ರಂಥಾಲಯ ಸಮಿತಿ, ಆಶ್ರಯ ಸಮಿತಿ, ದವಾಖಾನೆ ಸಮಿತಿ, ಬಂದೀಖಾನೆ ಭೇಟಿ ಸಮಿತಿ ಎಲ್ಲ ಕಡೆಯೂ ನಾಮನಿರ್ದೇಶನವೇ. ಇಳಕಲ್ಲಿನ ನಮ್ಮ ನೇಕಾರರ ಸಹಕಾರಿ ಸಂಘಕ್ಕೂ ಅವರು ಅಧ್ಯಕ್ಷರಾಗಿ ಬಂದದ್ದು ಹಾಗೆಯೇ. ಮಗ್ಗದ ಕೆಳಗೆ ನೇಕಾರರು ಕಾಲು ಬಿಟ್ಟು ಕೂರುವ ಕುಣಿಯಲ್ಲಿ ಒಂದು ದಿನವೂ ಕಾಲಿಳಿಸಿದವರಲ್ಲ.

ಒಂದು ಮಾತು ಖರೆ ಹೇಳಬೇಕು, ಇಲ್ಲದಿದ್ದರೆ ನನ್ನ ನಾಲಿಗೆಗೆ ಪಾಪ ಬರುತ್ತದೆ. ಕೆಲಸ ಅವರು ಚೆನ್ನಾಗಿ ಕಲಿಸಿದರು. ನೇಕಾರರ ಮನೆಯ ಹುಡುಗಿಯನ್ನು ಕಚೇರಿಯಲ್ಲಿ ಕೂರಿಸಿಕೊಳ್ಳಲು ಊರಿನ ದೊಡ್ಡ ವಕೀಲರೆಲ್ಲ ಮೀನಮೇಷ ಎಣಿಸಿದಾಗ ಇವರು ಕರೆದು ಕುರ್ಚಿ ಕೊಟ್ಟರು. ಅದು ಬಾಗಿಲ ಹತ್ತಿರದ ಕುರ್ಚಿ, ಆದರೂ ಕುರ್ಚಿಯೇ. ಅಫಿಡವಿಟ್ಟು ಬರೆಯುವುದನ್ನು ಅವರಷ್ಟು ಚಂದ ಕಲಿಸುವವರು ಜಿಲ್ಲೆಯಲ್ಲಿರಲಿಲ್ಲ. ಅವರ ಸೂತ್ರ ಎರಡು. ಒಂದು: "ಓದದ ಸಹಿ ಮಾಡಬ್ಯಾಡ. ಪ್ರತಿ ಸಾಲು ಓದು." ಇನ್ನೊಂದು: "ಕಕ್ಷಿದಾರ ಹೇಳಿದ್ದನ್ನ ಬರಿ. ನಿನ್ನ ಶಾಣ್ಯಾತನ ತೂರಿಸಿ ತಿದ್ದಬ್ಯಾಡ. ಪ್ರಮಾಣ ಮಾಡಾಂವ ಅಂವ, ನೀ ಅಲ್ಲ." ಎರಡನ್ನೂ ನಾನು ಇಂದಿಗೂ ಪಾಲಿಸುತ್ತೇನೆ. ಮೊದಲನೆಯದನ್ನು ಅವರು ಒಮ್ಮೆ ಮರೆತರು. ಎರಡನೆಯದನ್ನು ನಾನು ಮರೆಯಲಿಲ್ಲ. ಈ ಕತೆ ಇರುವುದೇ ಅಷ್ಟು.

ಇಲ್ಲಿ ನನ್ನ ಅಪ್ಪನ ಮಾತು ಬರುತ್ತದೆ. ಅಪ್ಪ ಇಳಕಲ್ಲಿನ ಕೈಮಗ್ಗದ ನೇಕಾರ. ಒಮ್ಮೆ ಅಪ್ಪ ಮತ್ತು ಅವ್ವ ಸೇರಿ ದಾಳಿಂಬೆ ಬಣ್ಣದ ಒಂದು ಸೀರೆ ಮಾಡಿದರು. ದಡಿಗೆ, ಅಂದರೆ ಅಂಚಿಗೆ, ಚಿಕ್ಕಿಪರಾಸ ಎಂಬ ನಮೂನೆ, ಕೆಂಪು ಸೆರಗಿನ ಮೇಲೆ ಬಿಳಿ ತೆನೆಯ ಚಿತ್ತಾರ. ಆ ಸೀರೆ ಮಗ್ಗದಿಂದ ಇಳಿದ ದಿನ ಓಣಿಯ ನೇಕಾರರೆಲ್ಲ ಬಂದು ಮುಟ್ಟಿ ನೋಡಿ ಮಾತಾಡದೆ ಹೋದರು. ನೇಕಾರರು ಹೊಗಳುವ ರೀತಿ ಅದು. ಸಂಘ ಆ ಸೀರೆಯನ್ನು ಸರಕಾರದ ಪ್ರದರ್ಶನಕ್ಕೆ ಕಳಿಸಿತು. ಮೊದಲ ಬಹುಮಾನ ಬಂತು. ಬಹುಮಾನದ ಕಾಗದದಲ್ಲಿ ಇದ್ದದ್ದು ಮಾತ್ರ ಸಂಘದ ಅಧ್ಯಕ್ಷರ ಹೆಸರು. ಅರ್ಜಿಯಲ್ಲಿ 'ಕಲಾವಿದರು' ಎಂಬ ಜಾಗ ಖಾಲಿ ಇತ್ತಂತೆ. ಖಾಲಿ ಜಾಗ ಕಂಡರೆ ಸಾಹೇಬರು ಬಿಡುತ್ತಾರೆಯೇ?

ಸೀರೆಯನ್ನು ಸಂಘದ ಸಭಾಭವನದಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು, ಮೇಲೆ ಆ ಕಾಗದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದರು. ಅಪ್ಪ ಮರುದಿನ ಎಂದಿನಂತೆ ಮಗ್ಗದಲ್ಲಿ ಕೂತ. ಅವ್ವ ಮಾತ್ರ ಒಲೆಯ ಮುಂದೆ ಕೂತು ಎರಡು ದಿನ ಗೊಣಗಿದಳು. "ನಿಮ್ಮಪ್ಪನ ಹೆಸರ ಬರೀಲಿಕ್ಕೆ ಅವರ ಮಸಿ ತೀರಿತ್ತೇನ?" ಎಂದಳು. 'ನಿಮ್ಮಪ್ಪ' ಎಂದೇ ಹೇಳುವುದು ಅವಳ ರೂಢಿ. ನಮ್ಮ ಕಡೆಯ ಅವಳ ವಾರಿಗೆಯ ಹೆಂಗಸರು ಗಂಡನ ಹೆಸರನ್ನು ಬಾಯಿಗೆ ತರುವುದಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ರೇಷನ್ ಕಾರ್ಡಿನವರು ಬಂದು "ಗಂಡನ ಹೆಸರೇನಬೇ?" ಎಂದು ಕೇಳಿದರೆ ಅವ್ವ ತುಟಿ ಬಿಗಿದು ನನ್ನ ಕಡೆ ನೋಡುತ್ತಿದ್ದಳು. ಹೇಳುತ್ತಿದ್ದವಳು ನಾನು.

ಹೀಗಿರುವಾಗ ವಿಧಾನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯರೊಬ್ಬರು ತೀರಿಕೊಂಡರು. ದೊಡ್ಡ ಹಾಡುಗಾರರು. ಪರಿಷತ್ತಿನ ಕೆಲವು ಸ್ಥಾನಗಳಿಗೆ ಓಟಿಲ್ಲ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಇವುಗಳಲ್ಲಿ ಕೈ ಪಳಗಿದವರ ಹೆಸರನ್ನು ಸರಕಾರ ಕಳಿಸುತ್ತದೆ, ರಾಜ್ಯಪಾಲರು ಸಹಿ ಹಾಕುತ್ತಾರೆ. ಸತ್ತವರ ಅವಧಿ ಇನ್ನೂ ಎರಡು ವರ್ಷದ ಮೇಲೆ ಉಳಿದಿತ್ತು. ಆ ದಿನ ಸಾಹೇಬರ ಕೆಂಪು ಪೆನ್ಸಿಲ್ಲು ಮುರಿದದ್ದು ನನಗೆ ಚೆನ್ನಾಗಿ ನೆನಪಿದೆ.

ಸಹಕಾರದ ಹೆಸರಿನಲ್ಲಿ ಹೋಗುವಂತಿರಲಿಲ್ಲ. ಸಂಘದ ಮೇಲೆ ವಿಚಾರಣೆ ನಡೆದಿತ್ತು, ಕೆದಕಿದರೆ ವಾಸನೆ. ಸಮಾಜಸೇವೆಗೆ ಆಗಲೇ ಸಾಲು ಉದ್ದ. ಹೋದವರು ಕಲಾವಿದರಾದ್ದರಿಂದ ಇದು 'ಕಲೆಯ ಸೀಟು' ಎಂದು ಬೆಂಗಳೂರಿನಲ್ಲಿ ಮಾತಾಗಿತ್ತು. ಸಾಹೇಬರು ಒಂದು ವಾರ ಬೆಂಗಳೂರಿನಲ್ಲಿ ಯಾರ್ಯಾರ ಪಡಸಾಲೆಯಲ್ಲಿ ಕೂತರೋ, ಯಾರ್ಯಾರ ಕಾಲು ಹಿಡಿದರೋ ದೇವರಿಗೇ ಗೊತ್ತು. ಹೋಗುವಾಗ ವಕೀಲರಾಗಿದ್ದವರು ಬರುವಾಗ ಕಲಾವಿದರಾಗಿದ್ದರು. ಆದೇಶ ಬಂದ ದಿನ ಬಾಗಲಕೋಟೆಯಲ್ಲಿ ಬ್ಯಾನರು ಕಟ್ಟಿದರು: 'ಕೈಮಗ್ಗ ಕಲಾ ತಪಸ್ವಿಗೆ ಅಭಿನಂದನೆ.' ತಪಸ್ವಿ! ಲಾಳಿಗೂ ಲಾಟೀನಿಗೂ ವ್ಯತ್ಯಾಸ ತಿಳಿಯದ ತಪಸ್ವಿ.

ಬಾದಾಮಿಯಲ್ಲಿ ಒಬ್ಬರು ನಿವೃತ್ತ ಚಿತ್ರಕಲಾ ಶಿಕ್ಷಕರಿದ್ದರು. ಎಲ್ಲರೂ ಮುಲ್ಲಾ ಮಾಸ್ತರರು ಎನ್ನುತ್ತಿದ್ದರು. ಕೆಂಪು ಕಲ್ಲಿನ ಗುಡ್ಡಗಳನ್ನು ಬರೆದು ಬರೆದು ಕಣ್ಣು ಮಂಜಾದ ಮನುಷ್ಯ. ಅವರು ಹೈಕೋರ್ಟಿಗೆ ಅರ್ಜಿ ಹಾಕಿದರು. 'ನೀವು ಈ ಕುರ್ಚಿಯ ಮೇಲೆ ಯಾವ ಹಕ್ಕಿನಿಂದ ಕೂತಿದ್ದೀರಿ, ತೋರಿಸಿ' ಎಂದು ಕೇಳುವ ಅರ್ಜಿ ಅದು. ಸಾಹೇಬರು ಫೋನು ಮಾಡಿ ಗದರಿಸಿದರು. "ನಿಮಗ ಆ ಸೀಟ ಬೇಕಾಗಿತ್ತೇನ್ರಿ ಮಾಸ್ತರ? ಬಾಯಿಬಿಟ್ಟು ಹೇಳ್ರಿ." ಅತ್ತ ಕಡೆಯ ಉತ್ತರ ನನಗೂ ಕೇಳಿಸಿತು. "ನನಗ್ಯಾಕ್ರಿ ಸೀಟ? ನನಗ ಮನಿಯಾಗ ಸ್ಟೂಲ್ ಐತಿ. ಕಲಾ ಅಂತ ಬರದ ಜಾಗಾದಾಗ ಕಲಾ ಮಾಡಿದವ್ರು ಕೂಡ್ಲಿ, ಅಷ್ಟ."

ಸಾಹೇಬರ ಪರವಾಗಿ ಬೆಂಗಳೂರಿನ ದೊಡ್ಡ ವಕೀಲರು ನಿಂತರು. ರಾಜ್ಯಪಾಲರ ಸಹಿಯನ್ನು ಪ್ರಶ್ನಿಸುವಂತಿಲ್ಲ. ಯಾರು ಕಲಾವಿದರು, ಯಾರು ಅಲ್ಲ ಎಂದು ಅಳೆಯುವ ಗಜಕಡ್ಡಿ ಕೋರ್ಟಿನಲ್ಲಿಲ್ಲ. ಇದು ಅವರ ವಾದ. ಆದರೂ ಕಲೆಯ ಬಗ್ಗೆ ಏನಾದರೂ ಪ್ರಮಾಣ ಬೇಕು ಎಂದರು. ಸಾಹೇಬರದೊಂದು ಅಫಿಡವಿಟ್ಟು, ಅದನ್ನು ಎತ್ತಿಹಿಡಿಯಲು ಪರಂಪರೆಯ ನೇಕಾರನೊಬ್ಬನದು ಇನ್ನೊಂದು.

ಸಾಹೇಬರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಹೇಳತೊಡಗಿದರು. ನಾನು ಟೈಪು ಮಾಡುತ್ತಿದ್ದೆ. ಬಾಲ್ಯದಿಂದ ಮಗ್ಗದ ಸದ್ದಿನಲ್ಲಿ ಬೆಳೆದೆ ಎಂದರು. ಟೈಪು ಮಾಡಿದೆ. ಬಹುಮಾನಿತ ಸೀರೆಯ ವಿನ್ಯಾಸ ನನ್ನದೇ ಎಂದರು. ಅದನ್ನೂ ಮಾಡಿದೆ. ಆಮೇಲೆ ಹೇಳಿದರು: "ಸೀರೆಯ ಒಡಲನ್ನು ನೇಯ್ದ ಬಳಿಕ, ಸೆರಗನ್ನು ಪ್ರತ್ಯೇಕವಾಗಿ ಸ್ವಹಸ್ತದಿಂದ ನೇಯ್ದು, ಅದನ್ನು ಒಡಲಿಗೆ ಅತಿ ಸೂಕ್ಷ್ಮವಾಗಿ ಹೊಲಿದು ಜೋಡಿಸಿದೆನು."

ನನ್ನ ಬೆರಳು ನಿಂತವು. ಇಳಕಲ್ ಸೀರೆಯ ಸೆರಗನ್ನು ಹೊಲಿಯುವುದಿಲ್ಲ. ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಹಾಯುವ ಎಳೆಗಳು ಬೇರೆ, ಸೆರಗಿನ ಹಾಸಿನ ಎಳೆಗಳು ಬೇರೆ. ನೇಯುವ ಮೊದಲೇ ಇವೆರಡನ್ನೂ ಒಂದೊಂದೇ ಎಳೆ ಹಿಡಿದು, ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಎಳೆಗಳು ಸಾವಿರಾರು. ಸೂಜಿಗೆ ಅಲ್ಲಿ ಕೆಲಸವೇ ಇಲ್ಲ. ನಮ್ಮ ಮನೆಯಲ್ಲಿ ಕೊಂಡಿ ಹಾಕುವುದು ಅವ್ವನ ಕೆಲಸ. ಆ ಕೊಂಡಿ ಇರುವುದರಿಂದಲೇ ಅದು ಇಳಕಲ್ ಸೀರೆ. ನಮ್ಮ ಓಣಿಯ ಐದು ವರ್ಷದ ಕೂಸಿಗೂ ಗೊತ್ತಿರುವ ಸಂಗತಿ ಇದು.

"ಸಾಹೇಬ್ರ, ಇದೊಂದು ಸಾಲು ಮತ್ತೊಮ್ಮೆ ನೋಡ್ತೀರೇನ್ರಿ?" ಎಂದೆ.

ಕಣ್ಣು ತೆರೆಯಲೇ ಇಲ್ಲ ಆ ಮನುಷ್ಯ. "ನನಗ ಕಲಸ್ತೀ ಏನ ತಂಗಿ? ಹೇಳಿದ್ದನ್ನ ಬರಿ. ನಿಮ್ಮಪ್ಪಗೂ ಇದ ಪ್ರಕಾರ ಒಂದು ಮಾಡು. 'ಸಾಹೇಬರು ಹೊಲಿದು ಜೋಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ' ಅಂತ ಇರಲಿ."

"ನಮ್ಮಪ್ಪಗೇನ್ರಿ?"

"ಮತ್ತ ಯಾರನ್ನ ಹುಡುಕಲಿ? ಸಂಘದ ನೂಲು ನಿಮ್ಮ ಮನಿಗೆ ಬರ್ತೈತಿ. ನೀ ನನ್ನ ಕಚೇರಿಯಾಗ ಅದಿ. ಮನಿ ಮಂದಿ ಇದ್ದಂಗ ಅಲ್ಲೇನ ನಾವು?"

ಹೇಳಿದ್ದನ್ನು ಬರೆದೆ. ತಿದ್ದಲಿಲ್ಲ. ಎರಡನೆಯ ಸೂತ್ರ. ಸಾಹೇಬರು ಅಂದು ಸಂಜೆ ಅಭಿನಂದನಾ ಸಮಾರಂಭಕ್ಕೆ ಹೊರಡುವ ಅವಸರದಲ್ಲಿದ್ದರು. ಪುಟ ತಿರುವಿ, ಓದದೆ, ಸಹಿ ಹಾಕಿದರು.

ಅಪ್ಪನ ಅಫಿಡವಿಟ್ಟನ್ನು ಚೀಲದಲ್ಲಿಟ್ಟುಕೊಂಡು ಇಳಕಲ್ಲಿಗೆ ಹೋದೆ. ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆ. ಸಾಹೇಬರನ್ನು ಬಯ್ಯುವುದು ಸುಲಭ. ಆ ಕಾಗದವನ್ನು ಹರಿದು ಅವರ ಮೇಜಿನ ಮೇಲೆ ಎಸೆದು ಬರುವ ಧೈರ್ಯ ನನಗೆ ಎಲ್ಲಿತ್ತು? ಮನೆಗೆ ಹೋದಾಗ ಅಪ್ಪ ಮಗ್ಗದ ಕುಣಿಯಲ್ಲಿದ್ದ. ಕಾಗದ ಕೊಟ್ಟೆ. ಅಪ್ಪ ಸಾಲಿ ಕಲಿತದ್ದು ಕಡಿಮೆ, ಆದರೆ ಓದದೆ ಬಿಡುವವನಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ತಾನು ನೇಯಲಿಲ್ಲ, ಸಾಹೇಬರು ನೇಯ್ದರು, ತಾನು ಬರೇ ಕೈಗೆ ನೂಲು ಕೊಟ್ಟೆ ಎಂಬಲ್ಲಿ ನಿಲ್ಲದೆ ಮುಂದೆ ಹೋದ. 'ಹೊಲಿದು' ಎಂಬಲ್ಲಿ ಬೆರಳು ನಿಂತಿತು.

"ಇದನ್ನ ನೀನ ಟೈಪ್ ಮಾಡೀಯೇನವಾ?"

"ಹೂಂನಪಾ."

"ಹಿಂಗಂತ ಅವರ ಹೇಳಿದ್ರೇನು?"

"ಅವರ ಹೇಳಿದ್ದು. ನೋಡ್ರಿ ಅಂದೆ, ನೋಡ್ಲಿಲ್ಲ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹರದು ಒಲಿಗೆ ಹಾಕ್ರಿ ಅದನ್ನ. ನೂಲು ನಿಂತ್ರ ನಿಲ್ಲಲಿ. ಕೂಲಿ ಮಾಡಿ ತಿನ್ನೂಣು" ಎಂದಳು.

"ನೂಲಿಗಲ್ಲ. ಇದರ ಕೆಲಸಕ್ಕ ನೋಡಬೇಕಾಗೈತಿ" ಎಂದು ಅಪ್ಪ ನನ್ನ ಕಡೆ ಕೈ ತೋರಿಸಿದ. ಆಮೇಲೆ ನನ್ನ ಪೆನ್ನು ಇಸಿದುಕೊಂಡ. "ನಾ ನೇಯ್ದಿಲ್ಲ ಅನ್ನೂದ ಸುಳ್ಳು. ಸುಳ್ಳಾಗೂದಾದ್ರ ಪೂರಾ ಸುಳ್ಳಾಗಲಿ. ಹೊಲಿಗಿ ಮಾತು ಹಂಗ ಇರಲಿ. ತಿಳದವ್ರಿಗೆ ತಿಳೀತೈತಿ" ಎಂದು ಸಹಿ ಮಾಡಿದ.

ಅಂದು ನನಗೆ ಅದರ ಭಾರ ಪೂರ್ತಿ ತಿಳಿಯಲಿಲ್ಲ. ಇಳಕಲ್ಲಿನ ನೇಕಾರನೊಬ್ಬ 'ಸೆರಗು ಹೊಲಿದದ್ದನ್ನು ಕಂಡೆ' ಎಂದು ಪ್ರಮಾಣ ಮಾಡುವುದೆಂದರೆ ಓಣಿಯಲ್ಲಿ ಮೂಗು ಕೊಯ್ಸಿಕೊಂಡಂತೆ. ನನ್ನ ಹೊಟ್ಟೆಪಾಡಿಗಾಗಿ ಅಪ್ಪ ತನ್ನ ಸೀರೆಯನ್ನೂ ಕೊಟ್ಟ, ನೇಕಾರನೆಂಬ ಮರ್ಯಾದೆಯನ್ನೂ ಕೊಟ್ಟ.

ಹೈಕೋರ್ಟಿನ ಪಡಸಾಲೆಯಲ್ಲಿ ಮುಲ್ಲಾ ಮಾಸ್ತರರು ನನ್ನ ಹತ್ತಿರ ಬಂದರು. "ನೀವು ಇಳಕಲ್ಲಿನವ್ರಂತಲ್ರಿ. ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮೂರಾಗ ಸೆರಗ ಹೊಲೀತಾರೇನ್ರಿ?"

ನಾನು ಎದುರು ಪಕ್ಷದವಳು. ಏನು ಹೇಳಲಿ? "ಅಫಿಡವಿಟ್ಟಿನಾಗ ಬರದದ್ದು ಐತಲ್ರಿ, ಮಾಸ್ತರ" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ತಿಳೀತ್ರಿ" ಎಂದು ಹೋದರು.

ಒಳಗೆ ಅವರ ವಕೀಲರು ತಮ್ಮ ತಾಯಿಯ ಹಳೆಯ ಇಳಕಲ್ ಸೀರೆಯನ್ನೇ ಚೀಲದಿಂದ ತೆಗೆದರು. ಸೆರಗು ಒಡಲು ಸೇರುವ ಜಾಗವನ್ನು ಎತ್ತಿ ಹಿಡಿದು, "ಇದರಲ್ಲಿ ಹೊಲಿಗೆ ಎಲ್ಲಿದೆ ಎಂದು ಈ ಕಲಾವಿದರು ತೋರಿಸಲಿ" ಎಂದರು. ಬೆಂಗಳೂರಿನ ದೊಡ್ಡ ವಕೀಲರು ಎದ್ದು, "ಅತ್ಯಂತ ಸೂಕ್ಷ್ಮ ದಾರ, ಕಣ್ಣಿಗೆ ಕಾಣುವುದಿಲ್ಲ" ಎಂದರು. ಕೋರ್ಟಿನಲ್ಲಿ ನಗು ಎದ್ದಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಾಹೇಬರೂ ನಕ್ಕರು! ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನಕ್ಕರು. ನ್ಯಾಯಮೂರ್ತಿಗಳು ನಗಲಿಲ್ಲ. ಇದಕ್ಕೆ ಸರಿಯಾದ ಉತ್ತರ ಬೇಕು ಎಂದು ಬರೆಸಿದರು.

ಅರ್ಥವಾದ ಮೇಲೆ ಸಾಹೇಬರು ಕಾರಿನಲ್ಲಿ ನನ್ನನ್ನು ತಿರುಗಿ ನೋಡಿದರು. "ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ರಿ. ನೋಡ್ರಿ ಅಂತ ಹೇಳಿದ್ನಿ. ಹೇಳಿದ್ದನ್ನ ಬರಿ ಅಂದ್ರಿ."

"ಉಂಡ ಮನಿ ಗಳ ಎಣಿಸಾಕಿ" ಎಂದರು. ಮರುದಿನ ಬಾಗಿಲ ಹತ್ತಿರದ ನನ್ನ ಕುರ್ಚಿ ಅಲ್ಲಿರಲಿಲ್ಲ. ಅವರ ಕಚೇರಿಯಲ್ಲಿ ಅಷ್ಟು ಬೇಗ ಖಾಲಿಯಾದ ಕುರ್ಚಿ ಅದೊಂದೇ. ನಾನು ಹುನಗುಂದಕ್ಕೆ ಬಂದು ಬೇರೆ ಮೇಜು ಹಾಕಿಕೊಂಡೆ. ಅಪ್ಪ ಯಾವುದಕ್ಕಾಗಿ ಸಹಿ ಹಾಕಿದ್ದನೋ ಅದೂ ಉಳಿಯಲಿಲ್ಲ. ಅಪ್ಪನಿಗೆ ಹೇಳಿದಾಗ, "ಹೋಗ್ಲಿ ಬಿಡು, ಕೆಲಸ ಕಲತೀಯಲ್ಲ" ಎಂದ.

ಇಷ್ಟಾದ ಮೇಲೆ ಸಾಹೇಬರ ಸೀಟು ಹೋಯಿತು ಎಂದುಕೊಂಡಿರಾ? ಅಷ್ಟು ಸುಲಭವಿಲ್ಲ. ಉತ್ತರ ಸಲ್ಲಿಸಲು ಸಮಯ ಕೇಳಿದರು. ಆಮೇಲೆ ವಕೀಲರು ಬದಲಾದರು, ಹೊಸಬರು ಸಮಯ ಕೇಳಿದರು. ಒಮ್ಮೆ ಸಾಹೇಬರಿಗೆ ಎದೆನೋವು ಬಂತು; ತಾರೀಖು ಮುಂದೆ ಹೋದ ಕೂಡಲೇ ಇಳಿಯುವ ಎದೆನೋವು. ಹೀಗೆ ಹೀಗೆ ಉಳಿದ ಅವಧಿಯೇ ಮುಗಿಯಿತು. ಕುರ್ಚಿಯಿಂದ ಇಳಿದವರನ್ನು 'ಯಾವ ಹಕ್ಕಿನಿಂದ ಕೂತಿದ್ದೀರಿ' ಎಂದು ಕೇಳುವುದರಲ್ಲಿ ಅರ್ಥವಿಲ್ಲವಾದ್ದರಿಂದ ಅರ್ಜಿ ನಿರರ್ಥಕವಾಯಿತೆಂದು ಮುಕ್ತಾಯ ಮಾಡಿದರು. ಸಾಹೇಬರು ಗೆದ್ದೆನೆಂದು ಪಟಾಕಿ ಹಚ್ಚಿಸಿದರು. ಪರಿಷತ್ತಿನಲ್ಲಿ ಅಷ್ಟು ದಿನ ಕೂತು ಕೈಮಗ್ಗದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಲೆಟರ್‌ಹೆಡ್ಡಿನ ಮೇಲೆ ಮಾತ್ರ 'ಮಾಜಿ' ಎಂದು ದಪ್ಪ ಅಕ್ಷರದಲ್ಲಿ ಸಾಯುವತನಕ ಇತ್ತು.

ಅಪ್ಪನ ಮಾತೂ ಸುಳ್ಳಾಗಲಿಲ್ಲ. ತಿಳಿದವರಿಗೆ ತಿಳಿಯಿತು. ಅಫಿಡವಿಟ್ಟಿನ ಸುದ್ದಿ ಇಳಕಲ್ಲಿಗೆ ಬಂದ ದಿನದಿಂದ ನೇಕಾರರು ಸಾಹೇಬರನ್ನು 'ಹೊಲಿದ ಸೆರಗು' ಎಂದು ಕರೆಯತೊಡಗಿದರು. ಅವರ ಕಾರು ಬಂದರೆ, "ಹೊಲಿದ ಸೆರಗ ಬಂತಲೇ, ದಾರಿ ಬಿಡ್ರಿ" ಎಂದು ಕುಣಿಯಿಂದ ಕುಣಿಗೆ ಮಾತು ಹೋಗುತ್ತಿತ್ತು. ಅಪ್ಪನನ್ನೂ ಮಂದಿ ಬಿಡಲಿಲ್ಲ. ಕೆಲವರು ಎದುರಿಗೇ ಕೇಳಿದರು, "ಏನೋ ಮಾರಾಯ, ಸೂಜಿ ಹಿಡದೀ ಅಂತ?" ಅಪ್ಪ ನಕ್ಕು ಸುಮ್ಮನಾಗುತ್ತಿದ್ದ. ಎರಡು ವರ್ಷದ ಹಿಂದೆ ಹಾಗೇ ಸುಮ್ಮನೆ ತೀರಿಕೊಂಡ. ಗಾಜಿನ ಪೆಟ್ಟಿಗೆಯ ಮೇಲಿನ ಕಾಗದ ಹಾಗೇ ಇತ್ತು.

ಬುಧವಾರದ ಶೋಕಸಭೆಗೆ ನಾನು ಠರಾವು ಬರೆದು ಕೊಟ್ಟೆ. 'ಇವರು ತೀರಿಕೊಂಡಿದ್ದಾರೆ' ಎಂದು ಒಂದೇ ಸಾಲು. ಕಾರ್ಯದರ್ಶಿ ಕಾಗದ ತಿರುವಿ ಹಿಂಬದಿ ನೋಡಿದರು. ಅಲ್ಲೂ ಏನೂ ಇರಲಿಲ್ಲ.

ಶುಕ್ರವಾರ ಇಳಕಲ್ಲಿನ ಸಂಘದ ಸಭಾಭವನದಲ್ಲಿ ನುಡಿನಮನ. ನಾನು ಹೋಗುವವಳಲ್ಲ. ಅವ್ವ ಹಟ ಹಿಡಿದಳು. "ಸೀರಿ ನೋಡಬೇಕಾಗೈತಿ, ಕರಕೊಂಡ ನಡಿ" ಎಂದಳು. ಭವನದ ತುಂಬ ನೇಕಾರರು. ವೇದಿಕೆಯ ಮೇಲೆ ಸಾಹೇಬರ ಫೋಟೋ, ಅದಕ್ಕೆ ಸುಗಂಧರಾಜದ ಹಾರ. ಮುಂದಿನ ಸಾಲಿನಲ್ಲಿ ಇಬ್ಬರು ಬಗ್ಗಿಕೊಂಡು, ಸಾಹೇಬರಿಂದ ಖಾಲಿಯಾದ ದವಾಖಾನೆ ಸಮಿತಿಗೆ ಯಾರು ಎಂದು ಮಾತಾಡುತ್ತಿದ್ದರು. ಅವರ ಶಿಷ್ಯಸಂತಾನಕ್ಕೇನೂ ಕೊರತೆಯಿಲ್ಲ.

ಗಾಜಿನ ಪೆಟ್ಟಿಗೆಯನ್ನು ತೆರೆದು ಸೀರೆಯನ್ನು ಮೇಜಿನ ಮೇಲೆ ಹರಡಿ, ಮೇಲೆ ಆ ಕಾಗದವನ್ನು ಇಟ್ಟಿದ್ದರು. ಅವ್ವ ನನ್ನ ಕೈ ಬಿಟ್ಟು ನೇರ ಅಲ್ಲಿಗೆ ಹೋದಳು. ಕಾಗದವನ್ನು ಬದಿಗೆ ಸರಿಸಿದಳು. ಸೆರಗಿನ ಅಂಚು ಹುಡುಕಿ, ಹೆಬ್ಬೆರಳಿನಿಂದ ತಡವಿಕೊಂಡು ಈ ದಡಿಯಿಂದ ಆ ದಡಿಯತನಕ ಹೋದಳು. ಮತ್ತೆ ವಾಪಸು ಬಂದಳು. ಸಾಹೇಬರ ಮಗ ಒಳ್ಳೆಯ ಹುಡುಗ, ಎದ್ದು ಬಂದ.

"ಏನ ಹುಡುಕಾಕತ್ತೀರಿ ಅಮ್ಮಾ?"

"ಹೊಲಿಗಿ ಹುಡುಕಾಕತ್ತೀನಪಾ. ನಿಮ್ಮ ತಂದಿ ಕೋರ್ಟಿಗೆ ಬರದು ಕೊಟ್ಟಿದ್ರಂತ, ಹೊಲದೀನಿ ಅಂತ. ನನ್ನ ಕಣ್ಣು ಮಂಜಾಗ್ಯಾವು. ನೀ ನೋಡು."

ಭವನದಲ್ಲಿ ನಗು ಎದ್ದು ಅರ್ಧಕ್ಕೇ ಅಡಗಿತು. ಹುಡುಗ ಬಗ್ಗಿ ನೋಡಿದ. ನಿಜವಾಗಿಯೂ ನೋಡಿದ, ಅವನ ತಂದೆ ಎಂದೂ ನೋಡದಷ್ಟು ನೋಡಿದ. "ಕಾಣೂವಲ್ದರಿ ಅಮ್ಮಾ" ಎಂದ.

"ಹೊಲದಿದ್ರ ಕಾಣ್ತಿತ್ತು. ಇದು ಕೊಂಡಿ. ನಾ ಹಾಕಿದ್ದು. ಹನ್ನೊಂದು ದಿನ ಹಿಡೀತು."

ಹುಡುಗನ ಮುಖ ಇಳಿದುಹೋಗಿತ್ತು. ಕಾಗದವನ್ನು ಕೈಗೆ ತೆಗೆದುಕೊಂಡು, 'ಕಲಾವಿದರು' ಎಂಬಲ್ಲಿ ಇದ್ದ ಹೆಸರನ್ನು ಓದಿಕೊಂಡು, ಮೆಲ್ಲಗೆ ಕೇಳಿದ: "ಮತ್ತ ನೇಯ್ದವ್ರು ಯಾರ್ರಿ?"

ಅವ್ವ ರೂಢಿಯಂತೆ ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆದೆ. ಅವ್ವ ಕೈಯೆತ್ತಿ ನನ್ನನ್ನು ತಡೆದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಭವನದ ಕಡೆ ಮುಖ ಮಾಡಿದಳು.

"ಗುರುಸಿದ್ದಪ್ಪ" ಎಂದಳು.

ಮುಂದಿನ ಸಾಲಿನ ಮುದುಕಿಯರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಹಿಂದಿನಿಂದ ಯಾರೋ, "ಕೇಳಲಿಲ್ಲಬೇ, ಇನ್ನೊಮ್ಮೆ ಹೇಳು" ಎಂದ.

ಅವ್ವ ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ.